ಇಂಗ್ಲಿಷಿನಲ್ಲಿ ಮಾತಿನ ಕುರಿತು ಮಾತನಾಡುವುದು: ಕೊಡಗಿನ ಕಲಿಕೆದಾರರಿಗೆ ಹಂತ ಹಂತದ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಗಳಿಂದ ಇಂಗ್ಲಿಷ್ ಕಲಿಯಲು ಬರುವವರು ಎಡವುವ ಜಾಗ ಬಹುತೇಕ ಒಂದೇ. ಕಾಫಿ, ಮಳೆ, ಊಟ, ಕೋಣೆಯ ಬಾಡಿಗೆ ಇವುಗಳ ವಿಚಾರವನ್ನು ಅವರು ಹೇಗೋ ಹೇಳಿ ಮುಗಿಸುತ್ತಾರೆ. ಆದರೆ ಯಾರು ಯಾರಿಗೆ ಏನು ಹೇಳಿದರು, ಯಾರು ಕೇಳಲಿಲ್ಲ, ಸುದ್ದಿ ಮುಟ್ಟಿತೋ ಇಲ್ಲವೋ ಎಂಬುದನ್ನು ವಿವರಿಸಬೇಕಾದ ಕ್ಷಣದಲ್ಲಿ ವಾಕ್ಯ ಕುಸಿಯುತ್ತದೆ. ಹೋಂಸ್ಟೇ ನಡೆಸುವ ಮಹಿಳೆಯೊಬ್ಬರು, ಡ್ರೈವರ್ ಹತ್ತಿರ ಒಂದು ಮಾತು ಹೇಳಿಟ್ಟಿದ್ದೇನೆ ಎಂಬ ಅರ್ಥದಲ್ಲಿ ತಮ್ಮ ಲಂಡನ್ ಅತಿಥಿಗೆ ‘ಐ ಹ್ಯಾಡ್ ವರ್ಡ್ಸ್ ವಿತ್ ದ ಡ್ರೈವರ್’ ಎಂದು ಬರೆದಿದ್ದರು. ಅತಿಥಿಗೆ ಅರ್ಥವಾದದ್ದು ಡ್ರೈವರ್ ಜೊತೆ ಜಗಳವಾಗಿದೆ ಎಂದು. ಮರುದಿನ ತಲಕಾವೇರಿಗೆ ಹೋಗಲು ಬೇರೆ ಗಾಡಿ ಸಿಗುತ್ತದೆಯೇ ಎಂದು ಅವರು ಸಂಕೋಚದಿಂದಲೇ ವಿಚಾರಿಸಿದರು.

ಇಂಥ ತಪ್ಪುಗಳಿಗೆ ಪದಗಳ ಕೊರತೆ ಕಾರಣವಲ್ಲ. ಹೆಚ್ಚಿನವರು ನೂರು ನುಡಿಗಟ್ಟುಗಳ ಪಟ್ಟಿಯೊಂದನ್ನು ಹಿಡಿದು ಬಾಯಿಪಾಠ ಮಾಡುವುದರಿಂದ ಕಲಿಕೆಯನ್ನು ಆರಂಭಿಸುತ್ತಾರೆ, ಮತ್ತು ‘ಸೇ’, ‘ಟೆಲ್’ ಎಂಬ ಎರಡು ಪುಟ್ಟ ಕ್ರಿಯಾಪದಗಳ ವ್ಯತ್ಯಾಸವನ್ನು ಕೊನೆಯವರೆಗೂ ಬಿಡಿಸಿಕೊಳ್ಳುವುದೇ ಇಲ್ಲ. ಕೆಳಗಿನ ಕ್ರಮದಲ್ಲಿ ನುಡಿಗಟ್ಟು ಐದನೆಯ ಹಂತದಲ್ಲಿ ಬರುತ್ತದೆ. ಅದಕ್ಕೂ ಮೊದಲಿನ ನಾಲ್ಕು ಹಂತಗಳನ್ನು ಹಾರಿಸಿದವರು ಮತ್ತೆ ಹಿಂದಕ್ಕೆ ಬಂದೇ ಬರುತ್ತಾರೆ.

ಮೊದಲು ಕೈಗೆ ಬೇಕಾದವು

ಇನ್ನೂರು ಪುಟದ ಒಂದು ನೋಟ್‌ಬುಕ್, ಧ್ವನಿ ದಾಖಲಿಸುವ ಸೌಲಭ್ಯವಿರುವ ಫೋನ್, ಮತ್ತು ಇಂಗ್ಲಿಷ್ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ನಿಘಂಟು, ಅಂದರೆ ಲರ್ನರ್ಸ್ ಡಿಕ್ಷನರಿ. ಇಂಗ್ಲಿಷ್–ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು, ಏಕೆಂದರೆ ಅದು ಅರ್ಥವನ್ನು ಹೇಳುತ್ತದೆಯೇ ಹೊರತು ಆ ಪದದ ಪಕ್ಕದಲ್ಲಿ ಏನು ಬರಬೇಕೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಲರ್ನರ್ಸ್ ಡಿಕ್ಷನರಿಯಲ್ಲಿ ‘ಟೆಲ್ ಸಮ್‌ಬಡಿ ಸಮ್‌ಥಿಂಗ್’ ಎಂಬಂತೆ ಪದದ ಚೌಕಟ್ಟು ಇರುತ್ತದೆ; ‘ಇನ್‌ಫಾರ್ಮಲ್’, ‘ಓಲ್ಡ್-ಫ್ಯಾಷನ್ಡ್’ ಎಂಬ ಸೂಚನೆಗಳೂ ಇರುತ್ತವೆ. ಇವೆರಡೂ ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತವೆ.

ನೋಟ್‌ಬುಕ್‌ನ ಪುಟವನ್ನು ಮೂರು ಕಂಬಗಳಾಗಿ ಗೆರೆ ಎಳೆದುಕೊಳ್ಳಿ. ಮೊದಲನೆಯದರಲ್ಲಿ ನೀವು ನಿಜವಾಗಿ ಆಡುವ ಕನ್ನಡ ವಾಕ್ಯ, ಎರಡನೆಯದರಲ್ಲಿ ಅದಕ್ಕೆ ಸಮನಾದ ಪೂರ್ಣ ಇಂಗ್ಲಿಷ್ ವಾಕ್ಯ, ಮೂರನೆಯದರಲ್ಲಿ ಅದನ್ನು ಯಾರ ಮುಂದೆ ಬಳಸಬಹುದು ಎಂಬ ಟಿಪ್ಪಣಿ ಇರಲಿ. ಬಿಡಿ ಪದವನ್ನು ಎಲ್ಲಿಯೂ ಬರೆಯಬೇಡಿ.

ಹಂತ 1: ಕನ್ನಡದ ಒಂದು ಕ್ರಿಯಾಪದವನ್ನು ನಾಲ್ಕಾಗಿ ಬಿಡಿಸುವುದು

ನಮ್ಮ ‘ಹೇಳು’, ‘ಕೇಳು’, ‘ಮಾತಾಡು’ ಎಂಬ ಮೂರು ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹತ್ತಕ್ಕೂ ಹೆಚ್ಚು ಪದಗಳಾಗಿ ಹರಡಿಕೊಳ್ಳುತ್ತವೆ. ಮನೆಯಲ್ಲಿ ಕೊಡವರ ನುಡಿಯಾದ ಕೊಡವ ತಕ್ಕ್ ಅಥವಾ ಕನ್ನಡದ ಒಳನುಡಿಯಾದ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳಂ ಎಂದು ಬೆಳೆದ ಮಕ್ಕಳಿಗೂ ಈ ಕಷ್ಟ ತಪ್ಪಿದ್ದಲ್ಲ.

ಎಲ್ಲಕ್ಕಿಂತ ತೊಡಕಿನದು ‘ಕೇಳು’. ‘ಶಬ್ದ ಕೇಳಿಸಿತು’ ಎಂದರೆ ‘ಹಿಯರ್’. ‘ಕಿವಿಗೊಟ್ಟು ಕೇಳು’ ಎಂದರೆ ‘ಲಿಸನ್ ಟು’. ‘ಪ್ರಶ್ನೆ ಕೇಳು’ ಎಂದರೆ ‘ಆಸ್ಕ್’. ‘ನೀರು ಕೇಳು’ ಎಂದರೆ ‘ಆಸ್ಕ್ ಫಾರ್’. ಇದಲ್ಲದೆ ‘ಹೇಳಿದ ಮಾತು ಕೇಳು’ ಎಂಬ ಐದನೆಯ ಅರ್ಥವೊಂದು ಇದೆ, ಅದು ವಿಧೇಯತೆಯದು. ‘ಮಗ ನನ್ನ ಮಾತು ಕೇಳುವುದಿಲ್ಲ’ ಎಂಬುದನ್ನು ‘ಮೈ ಸನ್ ಡಸಂಟ್ ಹಿಯರ್ ಮಿ’ ಎಂದರೆ ಮಗನಿಗೆ ಕಿವಿಯ ತೊಂದರೆ ಇದೆ ಎಂದಾಗುತ್ತದೆ. ‘ಡಸಂಟ್ ಲಿಸನ್ ಟು ಮಿ’ ಎಂಬುದು ಸರಿ. ವಾಕ್ಯ ಕಟ್ಟುವ ಮುನ್ನ ‘ಕೇಳಿಸಿತೇ, ಕಿವಿಗೊಟ್ಟೆನೇ, ಪ್ರಶ್ನಿಸಿದೆನೇ, ಬೇಕೆಂದೆನೇ, ಪಾಲಿಸಿದೆನೇ’ ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಪರೀಕ್ಷಿಸಿಕೊಂಡರೆ ಇಂಗ್ಲಿಷ್ ಪದ ತಾನಾಗಿ ಬೇರೆಯಾಗುತ್ತದೆ. ಫೋನಿನಲ್ಲಿ ‘ಐ ಆಮ್ ನಾಟ್ ಹಿಯರಿಂಗ್ ಯು’ ಎನ್ನುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅಲ್ಲಿ ಬೇಕಾದದ್ದು ‘ಐ ಕಾಂಟ್ ಹಿಯರ್ ಯು’.

‘ಹಿಯರ್’ ಪದದ ನಂತರ ಬರುವ ತುಣುಕನ್ನೂ ಇಲ್ಲಿಯೇ ಕಲಿತುಬಿಡಿ. ಒಬ್ಬರಿಂದ ಪತ್ರವೋ ಕರೆಯೋ ಬಂದರೆ ‘ಹಿಯರ್ ಫ್ರಮ್’. ಒಬ್ಬರ ವಿಚಾರದಲ್ಲಿ ಸುದ್ದಿ ತಿಳಿದರೆ ‘ಹಿಯರ್ ಅಬೌಟ್’. ಅಂಥದ್ದೊಂದು ಇದೆ ಎಂದಷ್ಟೇ ಗೊತ್ತಿದ್ದರೆ ‘ಹಿಯರ್ ಆಫ್’. ‘ಹ್ಯಾವ್ ಯು ಹರ್ಡ್ ಆಫ್ ಪುತ್ತರಿ?’ ಎಂದರೆ ಪುತ್ತರಿ ಎಂಬ ಹಬ್ಬವಿರುವುದು ನಿಮಗೆ ಗೊತ್ತೇ ಎಂದರ್ಥ.

‘ಹೇಳು’ ಎಂಬುದರಲ್ಲಿ ಎರಡೇ ಕವಲು. ಕೇಳುವ ವ್ಯಕ್ತಿ ವಾಕ್ಯದಲ್ಲಿದ್ದರೆ ‘ಟೆಲ್’, ಆಡಿದ ಮಾತಷ್ಟೇ ಇದ್ದರೆ ‘ಸೇ’. ‘ಹಿ ಟೋಲ್ಡ್ ಮಿ ದಟ್ ದ ರೋಡ್ ವಾಸ್ ಕ್ಲೋಸ್ಡ್’ ಮತ್ತು ‘ಹಿ ಸೆಡ್ ದಟ್ ದ ರೋಡ್ ವಾಸ್ ಕ್ಲೋಸ್ಡ್’ ಎರಡೂ ಸರಿ. ‘ಹಿ ಸೆಡ್ ಮಿ’, ‘ಹಿ ಟೋಲ್ಡ್ ದಟ್’ ಎರಡೂ ತಪ್ಪು. ಕೆಲವು ಜೋಡಿಗಳು ಈ ನಿಯಮವನ್ನು ಮೀರಿ ಗಟ್ಟಿಯಾಗಿ ಅಂಟಿಕೊಂಡಿವೆ: ಸತ್ಯ, ಸುಳ್ಳು, ಕಥೆ, ಸಮಯ, ವ್ಯತ್ಯಾಸ ಇವುಗಳಿಗೆ ‘ಟೆಲ್’, ಹಲೋ, ಥ್ಯಾಂಕ್ಸ್, ಸಾರಿ, ಪ್ರಾರ್ಥನೆ ಇವುಗಳಿಗೆ ‘ಸೇ’. ಇವನ್ನು ಹಾಗೆಯೇ ನೆನಪಿಟ್ಟುಕೊಳ್ಳಬೇಕು.

‘ಮಾತಾಡು’ ಸುಲಭ. ಭಾಷೆಯ ಹೆಸರು ಬಂದರೆ ‘ಸ್ಪೀಕ್’ ಮಾತ್ರ. ಫೋನಿನಲ್ಲಿ, ಸಭೆಯಲ್ಲಿ, ಅಪರಿಚಿತರ ಮುಂದೆ ‘ಸ್ಪೀಕ್’ ಹೆಚ್ಚು ಒಪ್ಪುತ್ತದೆ. ಗೆಳೆಯರ ನಡುವೆ ‘ಟಾಕ್’.

ಹಂತ 2: ಕ್ರಿಯಾಪದದ ನಂತರ ಏನು ಬರಬೇಕೆಂದು ನಿಗದಿ ಮಾಡುವುದು

ಮೊದಲ ಹಂತದಲ್ಲಿ ಸರಿಯಾದ ಪದವನ್ನು ಆರಿಸಿಕೊಂಡವರೂ ಇಲ್ಲಿ ಜಾರುತ್ತಾರೆ. ಕನ್ನಡದಲ್ಲಿ ‘ನನಗೆ ಹೇಳಿ’, ‘ನನಗೆ ವಿವರಿಸಿ’, ‘ನನಗೆ ಸೂಚಿಸಿ’, ‘ನನಗೆ ಉತ್ತರಿಸಿ’ ಎಲ್ಲಕ್ಕೂ ಒಂದೇ ‘-ಗೆ’ ಪ್ರತ್ಯಯ ಸಾಕಾಗುತ್ತದೆ. ಇಂಗ್ಲಿಷ್ ಈ ಕ್ರಿಯಾಪದಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದೆ.

ಮೊದಲ ಪೆಟ್ಟಿಗೆಯಲ್ಲಿ ವ್ಯಕ್ತಿ ನೇರವಾಗಿ ಬರುತ್ತಾನೆ: ಟೆಲ್, ಆಸ್ಕ್, ಇನ್‌ಫಾರ್ಮ್, ರಿಮೈಂಡ್, ವಾರ್ನ್, ಅಶ್ಯೂರ್, ಕಾಲ್. ‘ಕಾಲ್ ಟು ಮಿ’ ಎನ್ನಬೇಕಾಗಿಲ್ಲ, ‘ಕಾಲ್ ಮಿ’ ಸಾಕು. ‘ಇನ್‌ಫಾರ್ಮ್’ ಪದಕ್ಕೆ ವ್ಯಕ್ತಿ ಇರಲೇಬೇಕು. ‘ದ ಆಫೀಸ್ ಇನ್‌ಫಾರ್ಮ್ಡ್ ದಟ್ ದ ಟ್ರೆಕ್ ಈಸ್ ಕ್ಯಾನ್ಸಲ್ಡ್’ ಎಂಬ ವಾಕ್ಯದಲ್ಲಿ ಯಾರಿಗೆ ಎಂಬುದೇ ಇಲ್ಲ.

ಎರಡನೆಯದರಲ್ಲಿ ವ್ಯಕ್ತಿಗೆ ಮೊದಲು ‘ಟು’ ಕಡ್ಡಾಯ: ಎಕ್ಸ್‌ಪ್ಲೇನ್, ಸಜೆಸ್ಟ್, ರಿಪ್ಲೈ, ಲಿಸನ್, ಕಂಪ್ಲೇನ್, ಅಪಾಲಜೈಸ್, ಡಿಸ್ಕ್ರೈಬ್, ಮೆನ್ಷನ್. ‘ಎಕ್ಸ್‌ಪ್ಲೇನ್ ಮಿ ದ ರೂಟ್’ ಎನ್ನುವ ವಾಕ್ಯವನ್ನು ನಾನು ಪ್ರತಿ ತಂಡದಲ್ಲೂ ಕೇಳಿದ್ದೇನೆ. ಅದು ‘ಎಕ್ಸ್‌ಪ್ಲೇನ್ ದ ರೂಟ್ ಟು ಮಿ’ ಎಂದಾಗಬೇಕು. ‘ಸಜೆಸ್ಟ್’ ವಿಷಯದಲ್ಲಿ ವ್ಯಕ್ತಿಯನ್ನು ಬಿಟ್ಟುಬಿಡುವುದೇ ಚೆನ್ನ: ‘ಕ್ಯಾನ್ ಯು ಸಜೆಸ್ಟ್ ಎ ಪ್ಲೇಸ್ ಟು ಈಟ್ ಇನ್ ಗೋಣಿಕೊಪ್ಪ?’

ಮೂರನೆಯದು ವಿಷಯದ ಪೆಟ್ಟಿಗೆ. ಡಿಸ್ಕಸ್, ಮೆನ್ಷನ್, ಡಿಸ್ಕ್ರೈಬ್, ಎಕ್ಸ್‌ಪ್ಲೇನ್, ಆನ್ಸರ್ ಎಂಬ ಕ್ರಿಯಾಪದಗಳ ನಂತರ ವಿಷಯ ನೇರವಾಗಿ ಬರುತ್ತದೆ, ನಡುವೆ ‘ಅಬೌಟ್’ ಬರುವುದಿಲ್ಲ. ನಾವು ‘ಕೂಲಿಯ ಬಗ್ಗೆ ಚರ್ಚಿಸಿದೆವು’ ಎಂದು ಯೋಚಿಸುವುದರಿಂದ ‘ಡಿಸ್ಕಸ್ಡ್ ಅಬೌಟ್’ ಬಾಯಿಗೆ ಬರುತ್ತದೆ. ಅದಕ್ಕೊಂದು ಉಪಾಯವಿದೆ: ಕನ್ನಡದಲ್ಲಿಯೇ ‘ಕೂಲಿಯ ವಿಷಯವನ್ನು ಚರ್ಚಿಸಿದೆವು’ ಎಂದು ದ್ವಿತೀಯಾ ವಿಭಕ್ತಿಯಲ್ಲಿ ಯೋಚಿಸಿದರೆ ಇಂಗ್ಲಿಷ್ ವಾಕ್ಯ ಸರಿದಾರಿಗೆ ಬರುತ್ತದೆ. ನಾಮಪದವಾದಾಗ ಮಾತ್ರ ‘ಎ ಡಿಸ್ಕಷನ್ ಅಬೌಟ್ ವೇಜಸ್’ ಎನ್ನಬಹುದು. ಪತ್ರವೊಂದಕ್ಕೆ ‘ರಿಪ್ಲೈ’ ಮಾಡುವಾಗ ‘ಟು’ ಬೇಕು, ‘ಆನ್ಸರ್’ ಮಾಡುವಾಗ ಬೇಡ. ಇದು ವಿಚಿತ್ರ, ಆದರೆ ಹಾಗೆಯೇ.

ಈ ಹಂತಕ್ಕೆ ಎರಡು ವಾರ ಕೊಡಿ. ಪ್ರತಿದಿನ ಮೂರು ಕ್ರಿಯಾಪದ, ಪ್ರತಿಯೊಂದಕ್ಕೂ ನಿಮ್ಮ ಮನೆ ಅಥವಾ ಕೆಲಸಕ್ಕೆ ಸಂಬಂಧಿಸಿದ ಎರಡು ವಾಕ್ಯ. ತೋಟದ ರೈಟರ್, ಅಂದರೆ ಕಾಫಿ ತೋಟದ ಗುಮಾಸ್ತ ಆಗಿರುವ ಒಬ್ಬರು ಪ್ರತಿ ವಾಕ್ಯದಲ್ಲೂ ತಮ್ಮ ಮಾಲೀಕರನ್ನೇ ತಂದಿದ್ದರು: ಅವರಿಗೆ ನೆನಪಿಸಿದೆ, ಎಚ್ಚರಿಸಿದೆ, ವಿವರಿಸಿದೆ, ಕ್ಷಮೆ ಕೇಳಿದೆ. ಆ ನೋಟ್‌ಬುಕ್ ಓದಲು ತಮಾಷೆಯಾಗಿತ್ತು; ಆದರೆ ಚೌಕಟ್ಟು ಅವರಿಗೆ ಇಂದಿಗೂ ಮರೆತಿಲ್ಲ.

ಹಂತ 3: ಫೋನ್ ಕರೆಯ ಪದಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರುಗಳಲ್ಲಿ ಇದು ಅತ್ಯಗತ್ಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆ ಕಡಿದುಹೋದಂಥ ದಿನಗಳಲ್ಲಿ, ಹೊರಗಿನವರಿಗೆ ಅರೆಬರೆ ಕೇಳುವ ಫೋನಿನಲ್ಲಿ ಪರಿಸ್ಥಿತಿಯನ್ನು ವಿವರಿಸುವುದು ಪರೀಕ್ಷೆಯೇ ಸರಿ.

ಕರೆಯ ಕ್ರಮದಲ್ಲಿಯೇ ಕಲಿಯಿರಿ. ಕರೆ ಹೋಗದಿದ್ದರೆ ‘ಐ ಕುಡಂಟ್ ಗೆಟ್ ಥ್ರೂ’. ಆ ಕಡೆಯವರು ಎತ್ತದಿದ್ದರೆ ‘ಹಿ ಈಸ್ ನಾಟ್ ಪಿಕಿಂಗ್ ಅಪ್’. ‘ಲಿಫ್ಟಿಂಗ್ ದ ಫೋನ್’ ಎಂಬುದು ನಮ್ಮ ‘ಎತ್ತುವುದ’ರ ನೇರ ಪಡಿಯಚ್ಚು. ಧ್ವನಿ ತುಂಡು ತುಂಡಾದರೆ ‘ಯು ಆರ್ ಬ್ರೇಕಿಂಗ್ ಅಪ್’. ನಡುವೆ ಕಡಿದುಹೋದರೆ ‘ವಿ ಗಾಟ್ ಕಟ್ ಆಫ್’. ಜೋರಾಗಿ ಮಾತಾಡಲು ಕೇಳಿಕೊಳ್ಳುವಾಗ ‘ಕುಡ್ ಯು ಸ್ಪೀಕ್ ಅಪ್, ಪ್ಲೀಸ್?’. ಇನ್ನೊಬ್ಬರಿಗೆ ಫೋನ್ ಕೊಡುವ ಮುನ್ನ ‘ಹೋಲ್ಡ್ ಆನ್’. ಮುಗಿಸುವಾಗ ‘ಫೋನ್ ಇಡ್ತೇನೆ’ ಎಂಬುದನ್ನು ‘ಐ ಆಮ್ ಕೀಪಿಂಗ್ ದ ಫೋನ್’ ಎಂದರೆ ಆ ಫೋನನ್ನು ನೀವೇ ಇಟ್ಟುಕೊಳ್ಳುತ್ತೀರಿ ಎಂದಾಗುತ್ತದೆ. ‘ಐ ಹ್ಯಾವ್ ಟು ಗೋ ನೌ’ ಎಂದರೆ ಸಾಕು. ‘ಹ್ಯಾಂಗ್ ಅಪ್’ ಎಂಬುದು ಫೋನ್ ಇಡುವ ಕ್ರಿಯೆಯ ಹೆಸರು. ‘ಹಿ ಹಂಗ್ ಅಪ್ ಆನ್ ಮಿ’ ಎಂದರೆ ಮಾತು ಮುಗಿಯುವ ಮೊದಲೇ ಕುಕ್ಕಿದ ಎಂಬ ದೂರು.

‘ಗಿವ್ ಮಿ ಎ ಮಿಸ್ಡ್ ಕಾಲ್’ ಎಂಬುದು ನಮ್ಮ ದೇಶದ ರೂಢಿ. ಅದರ ಅಭ್ಯಾಸವಿಲ್ಲದ ಕಡೆಯಿಂದ ಬಂದ ಅತಿಥಿಗೆ, ಕರೆ ಮಾಡಿ ಯಾಕೆ ಮಾತಾಡಬಾರದು ಎಂಬುದೇ ಹೊಳೆಯುವುದಿಲ್ಲ. ಹಾಗೆಯೇ ‘ಫಿಫ್ಟೀನ್’, ‘ಫಿಫ್ಟಿ’ ಎಂಬ ಸಂಖ್ಯೆಗಳನ್ನು ಹೇಳಿದ ಮೇಲೆ ‘ಒನ್ ಫೈವ್’ ಅಥವಾ ‘ಫೈವ್ ಝೀರೋ’ ಎಂದು ಬಿಡಿಸಿ ಹೇಳಿ. ಮಂಜು ಕವಿದ ಘಾಟಿ ರಸ್ತೆಯಲ್ಲಿ ಹದಿನೈದು ಕಿಲೋಮೀಟರಿಗೂ ಐವತ್ತಕ್ಕೂ ಬಹಳ ಅಂತರವಿದೆ.

ಹಂತ 4: ಜೋಡಿ ಕ್ರಿಯಾಪದಗಳು

ಇಂಗ್ಲಿಷಿನಲ್ಲಿ ಸಂವಹನದ ದಿನನಿತ್ಯದ ಕೆಲಸವನ್ನು ಹೆಚ್ಚಾಗಿ ಮಾಡುವುದು ಫ್ರೇಸಲ್ ವರ್ಬ್‌ಗಳು, ಅಂದರೆ ಕ್ರಿಯಾಪದಕ್ಕೆ ಪುಟ್ಟ ಪದವೊಂದು ಅಂಟಿಕೊಂಡ ಜೋಡಿಗಳು. ಆರಂಭಕ್ಕೆ ಎಂಟು ಸಾಕು: ವಿಷಯವನ್ನು ಎತ್ತಲು ‘ಬ್ರಿಂಗ್ ಅಪ್’, ಗಮನಕ್ಕೆ ತರಲು ‘ಪಾಯಿಂಟ್ ಔಟ್’, ಮನದಟ್ಟು ಮಾಡಲು ‘ಗೆಟ್ ಅಕ್ರಾಸ್’, ಮತ್ತೆ ಸಂಪರ್ಕಿಸಿ ಉತ್ತರಿಸಲು ‘ಗೆಟ್ ಬ್ಯಾಕ್ ಟು’, ದಾಟಿಸಲು ‘ಪಾಸ್ ಆನ್’, ಒಪ್ಪಿಸಲು ‘ಟಾಕ್ ಇಂಟು’, ಬೇಡವೆನ್ನಿಸಲು ‘ಟಾಕ್ ಔಟ್ ಆಫ್’, ಕೂಲಂಕಷವಾಗಿ ಮಾತಾಡಲು ‘ಟಾಕ್ ಓವರ್’.

ಮುಖ್ಯ ತಪ್ಪು ಸರ್ವನಾಮದ ಜಾಗದ್ದು. ‘ಬ್ರಿಂಗ್ ಅಪ್ ದ ಮ್ಯಾಟರ್’, ‘ಬ್ರಿಂಗ್ ದ ಮ್ಯಾಟರ್ ಅಪ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಬ್ರಿಂಗ್ ಇಟ್ ಅಪ್’. ‘ಗೆಟ್ ಬ್ಯಾಕ್ ಟು’ ಮಾತ್ರ ಒಡೆಯುವುದಿಲ್ಲ, ವ್ಯಕ್ತಿ ಕೊನೆಯಲ್ಲಿಯೇ ಬರುತ್ತಾನೆ. ‘ಪಾಸ್ ದ ಮೆಸೇಜ್ ಆನ್ ಟು ದ ರೈಟರ್’ ಎಂದು ಹೇಳುವಾಗ ಒತ್ತು ‘ಆನ್’ ಮೇಲೆ ಬೀಳಬೇಕು. ಹಾಗೆ ಒತ್ತು ಕೊಟ್ಟು ಗಟ್ಟಿಯಾಗಿ ಓದಿ, ದಾಖಲಿಸಿ, ಕೇಳಿ.

‘ಟೆಲ್’ ಜೊತೆಗಿನ ಎರಡು ಜೋಡಿಗಳ ಬಗ್ಗೆ ಎಚ್ಚರ ಬೇಕು. ‘ಟೆಲ್ ಆಫ್’ ಎಂದರೆ ಗದರಿಸು, ‘ಟೆಲ್ ಆನ್’ ಎಂದರೆ ಚಾಡಿ ಹೇಳು.

ಹಂತ 5: ನುಡಿಗಟ್ಟುಗಳನ್ನು ಮೂರು ಗುಂಪಾಗಿ ವಿಂಗಡಿಸುವುದು

ಕಾಫಿ ಹಣ್ಣನ್ನು ಬಿಡಿಸಿದ ಮೇಲೆ ಕಾಯಿ, ಹಣ್ಣು, ಒಣಗಿದ್ದು ಎಂದು ಬೇರೆ ಮಾಡುವಂತೆ, ಇಂಗ್ಲಿಷ್ ನುಡಿಗಟ್ಟು ಎದುರಾದ ಕೂಡಲೇ ಅದನ್ನು ಮೂರರಲ್ಲಿ ಒಂದು ಗುಂಪಿಗೆ ಹಾಕಿ. ವಿಂಗಡಿಸದೆ ಚೀಲಕ್ಕೆ ತುಂಬಿದರೆ ಇಡೀ ಚೀಲ ಕೆಡುತ್ತದೆ.

ಮೊದಲ ಗುಂಪು, ಚಿತ್ರವೂ ಅರ್ಥವೂ ಕನ್ನಡದಂತೆಯೇ ಇರುವಂಥವು. ಇವನ್ನು ಇಂದೇ ಬಳಸಲು ತೊಡಗಬಹುದು. ಗೋಡೆಗೂ ಕಿವಿಯಿದೆ ಎಂಬುದು ‘ವಾಲ್ಸ್ ಹ್ಯಾವ್ ಇಯರ್ಸ್’. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ‘ಇನ್ ಒನ್ ಇಯರ್ ಆ್ಯಂಡ್ ಔಟ್ ದ ಅದರ್’. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬುವುದು ‘ಸ್ಪ್ರೆಡ್ ಲೈಕ್ ವೈಲ್ಡ್‌ಫೈರ್’. ನಾಲಿಗೆ ಜಾರಿದ್ದು ‘ಎ ಸ್ಲಿಪ್ ಆಫ್ ದ ಟಂಗ್’. ಮಾತು ಕೊಡುವುದು ‘ಗಿವ್ ಯುವರ್ ವರ್ಡ್’, ಮಾತು ಉಳಿಸಿಕೊಳ್ಳುವುದು ‘ಕೀಪ್ ಯುವರ್ ವರ್ಡ್’, ಮಾತಿಗೆ ತಪ್ಪುವುದು ‘ಗೋ ಬ್ಯಾಕ್ ಆನ್ ಯುವರ್ ವರ್ಡ್’.

ಎರಡನೆಯ ಗುಂಪಿನಲ್ಲಿ ಅರ್ಥಕ್ಕೆ ಕನ್ನಡದಲ್ಲಿ ಸಮನಾದ ಮಾತಿದೆ, ಚಿತ್ರ ಮಾತ್ರ ಬೇರೆ. ಸುತ್ತಿ ಬಳಸಿ ಮಾತನಾಡುವುದು ಬ್ರಿಟನ್ನಿನಲ್ಲಿ ‘ಬೀಟ್ ಅಬೌಟ್ ದ ಬುಷ್’, ಅಮೆರಿಕದಲ್ಲಿ ‘ಬೀಟ್ ಅರೌಂಡ್ ದ ಬುಷ್’. ಕಡ್ಡಿ ಮುರಿದಂತೆ ಹೇಳುವವರು ‘ಡೋಂಟ್ ಮಿನ್ಸ್ ದೇರ್ ವರ್ಡ್ಸ್’. ಇದನ್ನು ನಕಾರದಲ್ಲಿಯೇ ಬಳಸುವುದು ರೂಢಿ. ಲೋಕಾಭಿರಾಮದ ಮಾತು ‘ಸ್ಮಾಲ್ ಟಾಕ್’. ಗುಟ್ಟು ರಟ್ಟಾಗುವುದು ‘ದ ಕ್ಯಾಟ್ ಈಸ್ ಔಟ್ ಆಫ್ ದ ಬ್ಯಾಗ್’. ಗುಟ್ಟು ಬಿಟ್ಟುಕೊಡುವುದು ‘ಸ್ಪಿಲ್ ದ ಬೀನ್ಸ್’. ಈ ಕೊನೆಯದನ್ನು ಕೊಡಗಿನಲ್ಲಿ ಕಲಿಸುವಾಗ ಕಣದಲ್ಲಿ ಒಣಹಾಕಿದ ಕಾಫಿ ಯಾರೋ ಚೆಲ್ಲಿದರೆಂದೇ ಎಲ್ಲರೂ ಮೊದಲು ತಿಳಿಯುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರಿವರಿಂದ ಕಿವಿಗೆ ಬಿದ್ದ ಸುದ್ದಿಯನ್ನು ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಎನ್ನುತ್ತಾರೆ. ನಮ್ಮ ಬಳ್ಳಿ ಕರಿಮೆಣಸಿನದಾದರೂ ಅಲ್ಲಿ ದ್ರಾಕ್ಷಿಯದ್ದೇ ಇರಬೇಕು. ಸಂಬಂಧಪಟ್ಟವರ ಬಾಯಿಂದಲೇ ಕೇಳಿದ್ದಾದರೆ ‘ಸ್ಟ್ರೇಟ್ ಫ್ರಮ್ ದ ಹಾರ್ಸಸ್ ಮೌತ್’. ಇದನ್ನು ಆ ವ್ಯಕ್ತಿಯ ಎದುರಿನಲ್ಲಿ ಹೇಳದಿರುವುದು ಕ್ಷೇಮ. ನಮ್ಮ ಕಿವಿಗೆ ಕುದುರೆ ಎಂದದ್ದು ಕುದುರೆಯೇ.

ಈ ಗುಂಪಿನ ನುಡಿಗಟ್ಟುಗಳಲ್ಲಿ ಕಾಲ ಮತ್ತು ವ್ಯಕ್ತಿಯನ್ನು ಬದಲಿಸಬಹುದು, ನಾಮಪದವನ್ನು ಬದಲಿಸುವಂತಿಲ್ಲ. ‘ಸ್ಪಿಲ್ಡ್ ದ ಬೀನ್’ ಎಂದು ಏಕವಚನ ಮಾಡಿದರೆ ಅಥವಾ ‘ಬೀಟಿಂಗ್ ದ ಬುಷ್’ ಎಂದು ನಡುವಿನ ಪದ ನುಂಗಿದರೆ ನುಡಿಗಟ್ಟು ಸತ್ತುಹೋಗಿ ಕೇವಲ ಪೊದೆ, ಬೀಜಗಳು ಉಳಿಯುತ್ತವೆ.

ಮೂರನೆಯ ಗುಂಪು ಅಪಾಯದ್ದು: ನೋಡಲು ಪರಿಚಿತ, ಅರ್ಥ ಬೇರೆ. ಆರಂಭದಲ್ಲಿ ಹೇಳಿದ ಹೋಂಸ್ಟೇ ಪ್ರಸಂಗ ಇದರದ್ದೇ. ‘ಹ್ಯಾವ್ ಎ ವರ್ಡ್ ವಿತ್’ ಎಂದರೆ ಸ್ವಲ್ಪ ಮಾತನಾಡುವುದು. ‘ಹ್ಯಾವ್ ವರ್ಡ್ಸ್ ವಿತ್’ ಎಂದರೆ ಮಾತಿಗೆ ಮಾತು ಬೆಳೆಯುವುದು. ಏಕವಚನ ಬಹುವಚನವಾದ ಮಾತ್ರಕ್ಕೆ ಸ್ನೇಹ ಜಗಳವಾಗುತ್ತದೆ. ‘ಗಿವ್ ಸಮ್‌ಒನ್ ಎ ಪೀಸ್ ಆಫ್ ಯುವರ್ ಮೈಂಡ್’ ಎಂಬುದನ್ನು ಹಲವರು ಸಲಹೆ ಕೊಡುವುದು ಅಥವಾ ಸಮಾಧಾನಪಡಿಸುವುದು ಎಂದು ತಿಳಿದಿದ್ದಾರೆ. ಅದು ಚೆನ್ನಾಗಿ ಬೈಯುವುದು. ನೆಮ್ಮದಿ ಎಂಬ ಅರ್ಥದ ‘ಪೀಸ್’ ಬೇರೆ ಕಾಗುಣಿತದ ಪದ. ಕೇಳಲು ಒಂದೇ ಆದ್ದರಿಂದ ಬರೆದು ನೋಡಿಯೇ ಕಲಿಯಬೇಕು. ‘ಆನ್ಸರ್ ಬ್ಯಾಕ್’ ಎಂದರೆ ಮರಳಿ ಉತ್ತರ ಕೊಡುವುದಲ್ಲ, ಎದುರುತ್ತರ ಕೊಡುವುದು. ‘ಐ ವಿಲ್ ಆನ್ಸರ್ ಬ್ಯಾಕ್ ಟುಮಾರೋ’ ಎಂದು ಸಂದರ್ಶನದಲ್ಲಿ ಹೇಳಿ ಬಂದ ಹುಡುಗನಿಗೆ ಅದನ್ನು ವಿವರಿಸುವುದು ನನಗೂ ಕಷ್ಟವಾಯಿತು. ‘ಟಾಕ್ ಡೌನ್ ಟು’ ಎಂದರೆ ತಗ್ಗಿದ ದನಿಯಲ್ಲಿ ಮಾತಾಡುವುದಲ್ಲ, ಕೀಳಾಗಿ ಕಂಡು ಮಾತಾಡುವುದು.

ಅಪಾರ್ಥವನ್ನು ಹೆಸರಿಸುವ ನುಡಿಗಟ್ಟುಗಳನ್ನು ಪ್ರತ್ಯೇಕ ಪುಟದಲ್ಲಿಡಿ, ಕೆಲಸಕ್ಕೆ ಬರುವುದು ಇವೇ ಹೆಚ್ಚು. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದು ಅದು ಇಬ್ಬರಿಗೂ ತಿಳಿಯದಿದ್ದರೆ ‘ಟಾಕಿಂಗ್ ಅಟ್ ಕ್ರಾಸ್ ಪರ್ಪಸಸ್’. ಒಬ್ಬರು ಪೂರ್ತಿ ತಪ್ಪಾಗಿ ತಿಳಿದಿದ್ದರೆ ‘ಗಾಟ್ ದ ರಾಂಗ್ ಎಂಡ್ ಆಫ್ ದ ಸ್ಟಿಕ್’. ಹೇಳದೆ ಬಿಟ್ಟದ್ದನ್ನು ಊಹಿಸುವುದು ‘ರೀಡ್ ಬಿಟ್ವೀನ್ ದ ಲೈನ್ಸ್’. ಬೇಸರ ಮಾಡಿಕೊಳ್ಳಬೇಡಿ ಎನ್ನಲು ‘ಡೋಂಟ್ ಟೇಕ್ ಇಟ್ ದ ರಾಂಗ್ ವೇ’.

ಹಂತ 6: ಯಾರ ಮುಂದೆ, ಎಷ್ಟು

ಮೂರನೆಯ ಕಂಬವನ್ನು ಈಗ ತುಂಬಿ. ‘ಸ್ಪಿಲ್ ದ ಬೀನ್ಸ್’ ಗೆಳೆಯರ ನಡುವೆ ಸರಿ, ಬ್ಯಾಂಕ್ ಮ್ಯಾನೇಜರಿಗೆ ಬರೆಯುವ ಪತ್ರದಲ್ಲಿ ಅಲ್ಲ. ಆಗಾಗ ಸುದ್ದಿ ತಿಳಿಸುತ್ತಿರಿ ಎನ್ನುವ ‘ಕೀಪ್ ಮಿ ಪೋಸ್ಟೆಡ್’, ‘ಕೀಪ್ ಮಿ ಇನ್ ದ ಲೂಪ್’ ಎಂಬವು ಕಚೇರಿಯ ಇಮೇಲ್‌ಗೆ ಒಗ್ಗುತ್ತವೆ. ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಲ್ಲಿಗೂ ಸಲ್ಲುತ್ತದೆ. ಅಲ್ಲಿ ‘ಹಿಯರಿಂಗ್’ ಬದಲು ‘ಹಿಯರ್’ ಬರೆಯುವುದು ನೂರರಲ್ಲಿ ತೊಂಬತ್ತು ಮಂದಿ ಮಾಡುವ ತಪ್ಪೆಂದರೂ ಉತ್ಪ್ರೇಕ್ಷೆಯಾಗದು.

ನಮ್ಮ ಕಚೇರಿಗಳ ಇಂಗ್ಲಿಷನ್ನು ನಾನು ಹೀಗಳೆಯುವುದಿಲ್ಲ, ಅದು ನಮ್ಮೊಳಗೆ ಸಲೀಸಾಗಿ ಕೆಲಸ ಮಾಡುತ್ತದೆ. ಆದರೆ ಓದುವವರು ಹೊರದೇಶದವರಾದಾಗ ಕೆಲವನ್ನು ಬದಲಿಸಬೇಕು. ‘ಐ ವಿಲ್ ರಿವರ್ಟ್’ ಎಂಬುದು ನಮಗೆ ಉತ್ತರಿಸುತ್ತೇನೆ ಎಂದಾದರೆ, ಬೇರೆಡೆ ಹಲವರಿಗೆ ಹಿಂದಿನ ಸ್ಥಿತಿಗೆ ಮರಳುತ್ತೇನೆ ಎಂದು. ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಬರೆಯಿರಿ. ‘ಐ ಹ್ಯಾವ್ ಎ ಡೌಟ್’ ಎಂದರೆ ಅನುಮಾನ, ಅಪನಂಬಿಕೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ. ‘ಡು ದ ನೀಡ್‌ಫುಲ್’ ಬದಲಿಗೆ ಏನು ಮಾಡಬೇಕೋ ಅದನ್ನೇ ಹೇಳಿ. ತಿಳಿಸು ಎಂಬ ಅರ್ಥದ ‘ಇಂಟಿಮೇಟ್’ ಕ್ರಿಯಾಪದವನ್ನು ಬಿಟ್ಟು ‘ಲೆಟ್ ಮಿ ನೋ’ ಬಳಸಿ. ಕಾಫಿ, ಕರಿಮೆಣಸಿನ ವ್ಯಾಪಾರದ ಪತ್ರ ಬರೆಯುವವರಿಗೆ ಒಂದು ಮಾತು: ‘ಟೇಬಲ್ ಎ ಪ್ರಪೋಸಲ್’ ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತರುವುದು, ಅಮೆರಿಕದಲ್ಲಿ ಚರ್ಚೆಯನ್ನು ಮುಂದಕ್ಕೆ ಹಾಕುವುದು. ಆ ಪದವನ್ನು ಎರಡೂ ಕಡೆ ಬಳಸದಿರುವುದೇ ಒಳ್ಳೆಯದು.

ಅರ್ಥವಾಯಿತೇ ಎಂದು ವಿಚಾರಿಸುವ ರೀತಿಯೂ ಇಲ್ಲಿಯೇ ಸೇರುತ್ತದೆ. ‘ಡಿಡ್ ಯು ಅಂಡರ್‌ಸ್ಟ್ಯಾಂಡ್?’ ಎಂಬುದು ಮೇಷ್ಟ್ರು ಮಕ್ಕಳನ್ನು ಕೇಳಿದಂತಿರುತ್ತದೆ, ‘ಆಮ್ ಐ ಮೇಕಿಂಗ್ ಮೈಸೆಲ್ಫ್ ಕ್ಲಿಯರ್?’ ಬೆದರಿಸಿದಂತೆ ಕೇಳಬಹುದು. ‘ಡಸ್ ದಟ್ ಮೇಕ್ ಸೆನ್ಸ್?’ ಎಂದರೆ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಹೊಣೆಯನ್ನು ನೀವೇ ಹೊತ್ತುಕೊಂಡಂತೆ.

ಹಂತ 7: ಅಭ್ಯಾಸ

ದಿನಕ್ಕೊಂದು ನಿಜವಾದ ಸಂಭಾಷಣೆಯನ್ನು ಆರಿಸಿ: ಬಸ್ಸಿನಲ್ಲಿ ಕಂಡಕ್ಟರ್ ಜೊತೆ ನಡೆದದ್ದು, ತೋಟದ ಲೈನ್‌ಮನೆಯಲ್ಲಿ (ಸಾಲುಮನೆಯಲ್ಲಿ) ಇರುವ ಕೆಲಸಗಾರರಿಗೂ ರೈಟರಿಗೂ ಆದ ಮಾತುಕತೆ, ಅಜ್ಜಿ ಫೋನಿನಲ್ಲಿ ಹೇಳಿದ ಸಮಾಚಾರ. ಅದನ್ನು ಎಂಟು ಇಂಗ್ಲಿಷ್ ವಾಕ್ಯಗಳಲ್ಲಿ ಮೂರನೆಯವರಿಗೆ ವರದಿ ಮಾಡಿದಂತೆ ಬರೆಯಿರಿ, ದಾಖಲಿಸಿ, ಮರುದಿನ ಕೇಳಿ. ನುಡಿಗಟ್ಟು ಒಂದಕ್ಕಿಂತ ಹೆಚ್ಚು ಬೇಡ. ಕೇಳುವಾಗ ಕ್ರಿಯಾಪದದ ಚೌಕಟ್ಟನ್ನು ಮಾತ್ರ ಪರೀಕ್ಷಿಸಿ. ಉಚ್ಚಾರಣೆಯನ್ನೂ ವೇಗವನ್ನೂ ಅದೇ ದಿನ ತಿದ್ದಲು ಹೊರಟರೆ ಯಾವುದೂ ತಿದ್ದುವುದಿಲ್ಲ.

ಕಾಣಿಸಿದ ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ನೀವು ಕೇಳಿದ ಪ್ರಶ್ನೆಗೆ ಬೇರೆ ವಿಷಯದ ಉತ್ತರ ಬಂದರೆ, ಎದುರಿನವರು ಎರಡನೆಯ ಬಾರಿ ‘ಸಾರಿ?’ ಎಂದರೆ, ಪತ್ರದ ಉತ್ತರ ‘ಜಸ್ಟ್ ಟು ಕ್ಲಾರಿಫೈ’ ಎಂದು ಆರಂಭವಾದರೆ ಮಾತು ಮುಟ್ಟಿಲ್ಲ ಎಂದು ತಿಳಿಯಿರಿ. ಎದುರಿನವರು ನಗುತ್ತ ತಲೆಯಾಡಿಸಿ ಸುಮ್ಮನಿರುವುದು ಇವೆಲ್ಲಕ್ಕಿಂತ ಕೆಟ್ಟ ಸೂಚನೆ, ಏಕೆಂದರೆ ಅವರು ಕೇಳುವುದನ್ನೇ ಬಿಟ್ಟಿರುತ್ತಾರೆ. ಬ್ರಿಟಿಷ್ ಅತಿಥಿಯೊಬ್ಬರು ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಎಂದು ಮಾತು ತೆಗೆದರೆ ಮುಂದೆ ಬರುವುದು ಬಹುಮಟ್ಟಿಗೆ ಭಿನ್ನಾಭಿಪ್ರಾಯ.

ಹೀಗಾದಾಗ ಹೇಳಿದ ವಾಕ್ಯವನ್ನೇ ಇನ್ನಷ್ಟು ಜೋರಾಗಿ ಹೇಳಬೇಡಿ. ‘ಲೆಟ್ ಮಿ ಪುಟ್ ಇಟ್ ಅನದರ್ ವೇ’ ಎಂದು ನಿಲ್ಲಿಸಿ, ಬಳಸಿದ ನುಡಿಗಟ್ಟನ್ನು ಕೈಬಿಟ್ಟು, ಯಾರು, ಯಾರಿಗೆ, ಏನು, ಯಾವಾಗ ಎಂಬ ಕ್ರಮದಲ್ಲಿ ಗಿಡ್ಡ ವಾಕ್ಯ ಕಟ್ಟಿ: ‘ಐ ಸ್ಪೋಕ್ ಟು ದ ಡ್ರೈವರ್. ಹಿ ವಿಲ್ ಕಮ್ ಅಟ್ ಸಿಕ್ಸ್.’ ಆ ಸಂಜೆ ನೋಟ್‌ಬುಕ್ ತೆರೆದು, ಎಡವಿದ ನುಡಿಗಟ್ಟನ್ನು ಮೂರನೆಯ ಗುಂಪಿಗೆ ವರ್ಗಾಯಿಸಿ, ದಿನಾಂಕ ಹಾಕಿಡಿ.